ಜೋಗಿಮಟ್ಟಿ ಹತ್ತೋದಲ್ಲ, ಇಳಿಯೋದು ಕಷ್ಟ

ಮಳೆ ಹಿಡಿದರೆ ಸಾಕು, ಭಾನುವಾರ ಚಿತ್ರದುರ್ಗದ ಸ್ಕೂಟರ್‌ಗಳೆಲ್ಲ ಜೋಗಿಮಟ್ಟಿ ಗುಡ್ಡದ ದಾರಿ ಹಿಡಿಯುತ್ತವೆ. ದಾವಣಗೆರೆಯವರೂ ಬರುತ್ತಾರೆ. ದುರ್ಗದಿಂದ ಸುಮಾರು 10 ಕಿ.ಮೀ. ಅಷ್ಟೇ. ಹತ್ತುವಾಗ ಎಲ್ಲರೂ ಜಾಣರು. ಇಳಿಯುವಾಗಿನ ಎಡವಟ್ಟುಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಜುಲೈನಿಂದ ಅಕ್ಟೋಬರ್‌ವರೆಗೆ ಹೋಗಿ. ಬೇಸಿಗೆಯಲ್ಲಿ ಬೇಡ, ಒಣಹುಲ್ಲು ಬಿಟ್ಟರೆ ಏನೂ ಸಿಗಲ್ಲ.

2. ಬುತ್ತಿಗೆ ರೊಟ್ಟಿ, ಚಟ್ನಿಪುಡಿ ಸಾಕು. ಮಂಡಕ್ಕಿ ಒಯ್ಯಬೇಡಿ, ಅರ್ಧ ಗಾಳಿಪಾಲು. ಛತ್ರಿಯೂ ದಂಡ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಫುಟ್‌ಪಾತ್‌ನಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಕೊಳ್ಳಬೇಡಿ. ತೋಳು ಹಾಕುವಾಗಲೇ ಹರಿಯುತ್ತದೆ.

3. ಇದು ಪಾರ್ಕ್ ಅಲ್ಲ, 2015ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಒಳಗೆ ಬಿಡುವ ಸಮಯ, ಗಾಡಿ ಎಲ್ಲಿವರೆಗೆ ಹೋಗಬಹುದು ಎನ್ನುವುದನ್ನು ಗೇಟ್‌ನಲ್ಲೇ ಕೇಳಿ. ಬೆಂಕಿಪೊಟ್ಟಣ, ಬಾಟಲಿ ಮನೆಯಲ್ಲೇ ಇರಲಿ.

4. ಹತ್ತಿ. ಮೊದಲ ಗೇರ್ ಕೇಳಿದರೆ ಕೊಡಿ.

5. ಮೇಲೆ ರಸ್ತೆ ಬಿಟ್ಟು ಪೊದೆಗೆ ನುಗ್ಗಬೇಡಿ. ಕರಡಿ, ಚಿರತೆ ಇರುವ ಕಾಡು. ಕರಡಿಗೆ ದೂರದ್ದು ಸರಿಯಾಗಿ ಕಾಣಲ್ಲ. ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಮೈಮೇಲೆ ಬರುತ್ತದೆ. ಮಾತಾಡುತ್ತಾ ನಡೆಯಿರಿ, ಆದರೆ ಸ್ಪೀಕರ್ ಹಾಡು ಬೇಡ. ಪ್ರಾಣಿ ನೋಡಲೇಬೇಕು ಅಂತ ಮಕ್ಕಳು ಹಟ ಮಾಡಿದರೆ ದುರ್ಗದ ಹತ್ತಿರದ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆಯಲ್ಲ.

6. ಈಗ ಇಳಿಕೆ. ಹೊತ್ತು ಮುಳುಗುವುದಕ್ಕೆ ಚೆನ್ನಾಗಿ ಮುಂಚೆಯೇ ಹೊರಡಿ. ಪೆಟ್ರೋಲ್ ಉಳಿಸೋಕೆ ಕೀ ಆಫ್ ಮಾಡಿ ಜಾರುವವರೇ ಜಾಸ್ತಿ. ಅದರಷ್ಟು ದಡ್ಡತನ ಇನ್ನೊಂದಿಲ್ಲ. ಎಂಜಿನ್ ನಿಂತರೆ ಗಾಡಿಯ ಪೂರ್ತಿ ಭಾರ ಬ್ರೇಕ್ ಮೇಲೆ. ಬೈಕ್ ಆದರೆ ಹತ್ತಿದ ಗೇರ್‌ನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಕಾರಿಗೂ ಇದೇ ಮಾತು, ನ್ಯೂಟ್ರಲ್ ಬೇಡವೇ ಬೇಡ.

ಗೇರ್ ಇಲ್ಲದ ಸ್ಕೂಟರ್‌ಗೆ ಈ ಅನುಕೂಲ ಕಡಿಮೆ. ವೇಗ ಪೂರಾ ತಗ್ಗಿದರೆ ಕ್ಲಚ್ ತಾನಾಗೇ ಬಿಟ್ಟುಕೊಳ್ಳುತ್ತದೆ, ಆಮೇಲೆ ಗಾಡಿ ಸುಮ್ಮನೆ ಉರುಳುತ್ತದೆ. ಬ್ರೇಕನ್ನು ಒಂದೇ ಸಮ ಅದುಮಿಕೊಂಡು ಬಂದರೆ ಡ್ರಮ್ ಕಾಯ್ದು ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಹಾಕಿ ವೇಗ ಇಳಿಸಿ, ಬಿಡಿ. ತಿರುವಿನ ಮಧ್ಯೆ, ಅದೂ ಒದ್ದೆ ರಸ್ತೆಯಲ್ಲಿ, ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ನೆಲಕ್ಕೇ. ಹಿಂದೆ ಇಬ್ಬರನ್ನು ಕೂರಿಸಿಕೊಂಡು ಬರುವವರಿಗೆ ನಾನು ಹೇಳೋದು ಒಂದೇ, ಒಬ್ಬರನ್ನು ಇಳಿಸಿ, ನಡೆದು ಬರಲಿ.

ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತಾ? ಅಗಲ ಇರುವ ಕಡೆ ಪಕ್ಕಕ್ಕೆ ನಿಲ್ಲಿಸಿ, ಆರಲಿ. ತಣ್ಣೀರು ಮಾತ್ರ ಸುರಿಯಬೇಡಿ, ಕಾದ ಲೋಹ ಸೊಟ್ಟಗಾಗಬಹುದು. ಊರು ಸೇರಿದ ಮೇಲೂ ಬ್ರೇಕ್ ಲಿವರ್ ಮೆತ್ತಗಿದ್ದರೆ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ, ಫೋಟೊ ಆಮೇಲೆ ಹಾಕಿಕೊಳ್ಳಿ.