ಬೆಳಕು ನೆಲದಿಂದ ಬಂತು: ತೊಟ್ಟಿ ಮನೆ ರಿಪೇರಿಯ ನನ್ನ ಅನುಭವ

ತೀರ್ಥಹಳ್ಳಿ ಹತ್ತಿರದ ನಮ್ಮ ತೊಟ್ಟಿ ಮನೆಯ (ನಡುವೆ ತೊಟ್ಟಿ ಅನ್ನುವ ಒಳಅಂಗಳ ಇರುವ ಮನೆ) ಕೆಲಸ ಮುಗಿದ ಮೇಲೆ ಎರಡು ಮಳೆಗಾಲ ಕಳೆದಿವೆ. ಗೋಡೆ ಉದುರಿಲ್ಲ. ಮಧ್ಯಾಹ್ನ ನಡುಮನೆಯಲ್ಲಿ ಲೈಟ್ ಹಾಕದೆ ಪೇಪರ್ ಓದಬಹುದು. ಇಷ್ಟನ್ನು ಕಣ್ಣಾರೆ ನೋಡಿದ ಮೇಲೆಯೇ ಬರೆಯಬೇಕು ಅಂತ ಕಾದಿದ್ದೆ.

ಶುರು ಮಾಡುವಾಗ ಯಾರಿಗೂ ನಂಬಿಕೆ ಇರಲಿಲ್ಲ. "ಕತ್ತಲೆ ಮನೆಗೆ ದುಡ್ಡು ಸುರಿಯಬೇಡ ಮಾರಾಯ, ಕೆಡವಿ ಆರ್‌ಸಿಸಿ ಹಾಕು" ಅಂದರು ದೊಡ್ಡಪ್ಪ. ಇಬ್ಬರು ಕಂಟ್ರಾಕ್ಟರ್‌ಗಳೂ ಅದನ್ನೇ ಹೇಳಿದರು. ಒಬ್ಬರ ಎಸ್ಟಿಮೇಟ್ 48 ಲಕ್ಷದ ಹತ್ತಿರ ಇತ್ತು. ನನಗೆ ಕೊನೆಗೆ ಖರ್ಚಾಗಿದ್ದು 13 ಲಕ್ಷ ಚಿಲ್ಲರೆ.

ನಾನು ಬೆಂಗಳೂರಿನಲ್ಲಿ 15 ವರ್ಷ ಫ್ಲಾಟ್‌ಗಳ ಇಂಟೀರಿಯರ್ ಮಾಡಿದವನು. ಅಲ್ಲಿ ಕಲಿತಿದ್ದನ್ನು ಇಲ್ಲಿಗೆ ಹಾಗೇ ತಂದಿದ್ದು ಮೊದಲ ತಪ್ಪು. ಅಟ್ಟದ ಹಲಗೆ ಏಳೂವರೆ ಅಡಿಗೇ ಇದೆ. ಬಿಳಿ ಹೊಡೆದರೆ ಎತ್ತರ ಕಾಣುತ್ತದೆ ಅಂತ ಒಂದು ಕೋಣೆಯಲ್ಲಿ ಹಲಗೆಗೆಲ್ಲ ಬಿಳಿ ಪೇಂಟ್ ಮಾಡಿಸಿದೆ. ತಿಂಗಳೊಳಗೆ ಹಳೇ ಹೊಗೆಯ ಕರೆ ಹಳದಿಯಾಗಿ ಮೇಲೆ ಬಂತು. ತೊಲೆಗಳ ನೆರಳು ಪಟ್ಟೆ ಪಟ್ಟೆಯಾಗಿ ಎದ್ದು ಕಂಡಿತು. ಅದನ್ನು ಕೆರೆಸಲು ಪೇಂಟ್ ಕೂಲಿಗಿಂತ ಜಾಸ್ತಿ ಹೋಯಿತು, ಹತ್ತಿರ ಹತ್ತಿರ 22,000.

ಆಮೇಲೆ ಒಂದು ವಾರ ಏನೂ ಮಾಡಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಜಗಲಿಯಲ್ಲಿ ಕೂತು ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡಿದೆ. ಸೂರು ಅಷ್ಟು ಕೆಳಗಿಳಿದಿರುವಾಗ ಕಿಟಕಿಯಿಂದ ಬರುವುದು ಕಡಿಮೆ. ಬೆಳಕು ತೊಟ್ಟಿಯ ಕಲ್ಲಿಗೆ ಬೀಳುತ್ತದೆ, ಅಲ್ಲಿಂದ ಜಗಲಿಯ ನೆಲಕ್ಕೆ ತಾಗುತ್ತದೆ, ಆಮೇಲೆ ಗೋಡೆಗೆ ಏರುತ್ತದೆ. ಅಲ್ಲಿಗೆ ಪ್ಲಾನ್ ಪೂರ್ತಿ ಬದಲಾಯಿಸಿದೆ. ಮೇಲೆ ಕಪ್ಪಾಗೇ ಇರಲಿ, ಕೆಳಗೆ ಹೊಳೆಯಲಿ.

ತೊಟ್ಟಿಯ ಚಪ್ಪಡಿಗಳ ಪಾಚಿಯನ್ನು ವೈರ್ ಬ್ರಷ್ ಹಾಕಿ ಉಜ್ಜಿಸಿದೆ. ಎರಡು ಆಳಿನ ಕೂಲಿ ಅಷ್ಟೇ. ಇಡೀ ಕೆಲಸದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಬೆಳಕು ಕೊಟ್ಟಿದ್ದು ಅದು. ಅಪ್ಪಯ್ಯನ ಕಾಲದಲ್ಲಿ ತೊಟ್ಟಿಯ ಮೇಲೆ ಹಸಿರು ಫೈಬರ್ ಶೀಟ್ ಹಾಕಿದ್ದರು. ಅದನ್ನು ತೆಗೆದು ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಹಾಕಿದೆ. ಏಪ್ರಿಲ್‌ನಲ್ಲಿ ಸೆಕೆ ತಡೆಯಲಾಗಲಿಲ್ಲ. ಶೀಟನ್ನು ಹಂಚಿನ ಮಾಡಿನಿಂದ ಒಂದೂವರೆ ಅಡಿ ಎತ್ತರಿಸಿದೆ, ಬಿಸಿಗಾಳಿ ಹೋಯಿತು. ಜೂನ್‌ನಲ್ಲಿ ಅದೇ ಸಂದಿಯಿಂದ ಎರಚಲು ನುಗ್ಗಿತು. ಸುತ್ತಲೂ ಎರಡೂವರೆ ಅಡಿ ಹೊರಗೆ ಚಾಚಿಸಿದ ಮೇಲೆ ನಿಂತಿತು. ಮೂರು ಸಲ ಮಾಡಿದ್ದಕ್ಕೆ 1.6 ಲಕ್ಷ ಆಯಿತು. ಮೊದಲೇ ಗೊತ್ತಿದ್ದರೆ 90 ಸಾವಿರಕ್ಕೆ ಮುಗಿಯುತ್ತಿತ್ತು.

ಬೆಳಕಿಗಾಗಿ ಮಾಡಿಗೆ ಹಾಕಿಸಿದ ಗಾಜಿನ ಹಂಚಿನಲ್ಲೂ ಪೆಟ್ಟು ತಿಂದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ನನ್ನ 14 ಗಾಜಿನ ಹಂಚಿನಲ್ಲಿ ಹೆಚ್ಚಿನವು ಸೋರಿದವು. ಈಗ ಆರೇ ಇವೆ, ಎಲ್ಲವೂ ಬಡಗು ದಿಕ್ಕಿನ ಮಾಡಿನಲ್ಲಿ. ಅಷ್ಟು ಸಾಕು.

ಗೋಡೆಯ ಕಥೆ ದೊಡ್ಡದು. ಮಣ್ಣಿನ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಗಾರೆ ಮಾಡಿಸಿದ್ದರು. ತಳದಿಂದ ಏರಿದ ತೇವ ಹೊರಹೋಗಲಾಗದೆ ಎರಡಡಿವರೆಗೂ ಟೊಳ್ಳಾಗಿತ್ತು. ತಟ್ಟಿದರೆ ಡಬ್ ಡಬ್ ಸದ್ದು. ಪೂರ್ತಿ ಕೀಳಿಸಿದೆ. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ ಗುಂಡಿಯಲ್ಲಿ ಒಂದೂವರೆ ತಿಂಗಳು ನೆನೆಹಾಕಿದೆ. "ಸಾರ್, ಒಂದು ಮೂಟೆ ಸಿಮೆಂಟ್ ಸೇರಿಸ್ತೀನಿ, ಗಟ್ಟಿ ಆಗ್ತದೆ" ಅಂತ ಮೇಸ್ತ್ರಿ ದಿನಾ ಕೇಳುತ್ತಿದ್ದರು. ನಾನು ಪೇಟೆಗೆ ಹೋದ ದಿನ ಒಂದು ಗೋಡೆಗೆ ಸೇರಿಸಿಯೂ ಬಿಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಿದ್ದು ಅದೊಂದೇ ಗೋಡೆ. ಈಗ ಅದೇ ಮೇಸ್ತ್ರಿ ಬೇರೆಯವರನ್ನು ಕರೆತಂದು ನಮ್ಮ ಗೋಡೆ ಮುಟ್ಟಿಸಿ ತೋರಿಸುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಎಲ್ಲರೂ ಹಾಕುತ್ತಾರೆ. ಕೊನೆಯ ತೆಳು ಪದರಕ್ಕೆ ನಾನು ಇನ್ನೊಂದು ಸಾಮಾನು ಸೇರಿಸಿದ್ದೇನೆ. ಅದರ ಅಳತೆ ಹದಕ್ಕೆ ಬರಲು ಮೂರು ಬೇಸಿಗೆ ಬೇಕಾಯಿತು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನೆಲಕ್ಕೆ ರೆಡ್ ಆಕ್ಸೈಡ್, ಅಂದರೆ ಕೆಂಪು ಪುಡಿ ಬೆರೆಸಿದ ಗಾರೆ. ಏಪ್ರಿಲ್‌ನಲ್ಲಿ ಹಾಕಿದ್ದು ಬೇಗ ಒಣಗಿ ಕೂದಲೆಳೆಯಂತೆ ಬಿರಿಯಿತು, 40 ಸಾವಿರ ಹೋಯಿತು. ನವೆಂಬರ್‌ನಲ್ಲಿ ಮತ್ತೆ ಹಾಕಿಸಿದೆ. ಒಂದು ಕೋಣೆ ಒಂದೇ ದಿನದಲ್ಲಿ ಮುಗಿಯಲೇಬೇಕು, ಇಲ್ಲದಿದ್ದರೆ ಜೋಡಿಸಿದ ಗೆರೆ ಜನ್ಮದಲ್ಲಿ ಹೋಗುವುದಿಲ್ಲ. ಹತ್ತು ದಿನ ನೀರು ನಿಲ್ಲಿಸಿ, ಚೆನ್ನಾಗಿ ಒಣಗಿದ ಮೇಲೆ ತೆಂಗಿನೆಣ್ಣೆ. ಈಗ ತೊಟ್ಟಿಯ ಬೆಳಕು ಅದರಲ್ಲಿ ನಡುಮನೆವರೆಗೂ ಬರುತ್ತದೆ.

ಬಣ್ಣದ 60-30-10 ಲೆಕ್ಕ (ನೂರರಲ್ಲಿ ಮುಖ್ಯ ಬಣ್ಣ 60, ಜೊತೆಯದ್ದು 30, ಎದ್ದು ಕಾಣುವುದು 10) ತಾನಾಗೇ ಕೂತಿತು: ಸುಣ್ಣದ ಬಿಳಿ, ಮರದ ಕಪ್ಪು, ನೆಲದ ಕೆಂಪು. ಮೇಲಿಂದ ಒಂದೂ ದೀಪ ತೂಗುಹಾಕಿಲ್ಲ. ಎಲ್ಲ ಮೊಣಕಾಲೆತ್ತರದಲ್ಲಿ ಗೋಡೆಗೆ ಮುಖ ಮಾಡಿವೆ, 2700 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು. ಕೂರಲು ಜಗಲಿಕಟ್ಟೆಯಷ್ಟೇ ಎತ್ತರದ ಮಣೆ, ದಿವಾನ್. ಕುಳಿತಾಗ ಅಟ್ಟ ತಗ್ಗು ಅನ್ನಿಸುವುದೇ ಇಲ್ಲ.

ನಡುವೆ ಒಂದು ಪ್ರಯೋಗ. ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರ ನನಗೆ ತುಂಬಾ ಇಷ್ಟ. ಬರೆಯುವವರೊಬ್ಬರನ್ನು ಕರೆಸಿ, ಸಂಭಾವನೆ ಕೊಟ್ಟು, ತೊಟ್ಟಿಯ ಎದುರಿನ ಗೋಡೆಗೆ ಬರೆಸಿದೆ. ಚಿತ್ತಾರ ಅದ್ಭುತವಾಗಿ ಬಂತು, ಆದರೆ ಕಣ್ಣು ತೊಟ್ಟಿಗೂ ಅದಕ್ಕೂ ಓಡಾಡಿ ಎಲ್ಲೂ ನಿಲ್ಲಲಿಲ್ಲ. ಅವರನ್ನೇ ಕೇಳಿ, ದೇವರ ಕೋಣೆ ಪಕ್ಕದ ಸಣ್ಣ ಗೋಡೆಗೆ ಮತ್ತೆ ಬರೆಸಿದೆ. ಅಲ್ಲಿ ಅದಕ್ಕೆ ತಕ್ಕ ಜಾಗ ಸಿಕ್ಕಿತು.

ಅಡುಗೆಮನೆಯ ಹಿಂದಿನ ಗೋಡೆ ಇನ್ನೂ ತೇವ ಬಿಟ್ಟಿಲ್ಲ. ಹೊರಗಿನ ಮಣ್ಣು ಒಳನೆಲಕ್ಕಿಂತ ಅರ್ಧ ಅಡಿ ಎತ್ತರ ಇದೆ. ಜನವರಿಯಲ್ಲಿ ಅಲ್ಲಿ ಅಗೆಸಿ ಚರಂಡಿ ಮಾಡಿಸಬೇಕು. ಸುಣ್ಣ ಈಗಾಗಲೇ ಗುಂಡಿಯಲ್ಲಿ ನೆನೆಯುತ್ತಿದೆ.