ಹಳೆ ಯಮಹಾ, ಹೊಸ ಹೈಫೈಮ್ಯಾನ್, ನಡುವೆ ಒಂದಿಷ್ಟು ಅರಳೆ: ನನ್ನ ಅನುಭವ

ಹಳೆ ಪ್ಲೇನಾರ್ (ತೆಳು ಹಾಳೆ ಇಡಿಯಾಗಿ ಅಲುಗಿ ಸದ್ದು ಮಾಡುವ) ಹೆಡ್‌ಫೋನ್ ಕೈಗೆ ಸಿಕ್ಕರೆ, ಹಾಕಿಕೊಂಡು ಎರಡು ಹಾಡು ಕೇಳಿ ತೀರ್ಪು ಕೊಡಬೇಡಿ. ಮೊದಲು ಬಿಚ್ಚಿ ನೋಡಿ. ನಲವತ್ತು ವರ್ಷ ದಾಟಿದ ಹೆಡ್‌ಫೋನಿನಲ್ಲೂ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಭಾಗ, ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗಿರೋದು ಅದರ ಹಿಂದಿನ ಫೋಮು, ಮುಂದಿನ ಪ್ಯಾಡು. ‘ಹಳೇದು, ಸದ್ದು ಮಂಕು’ ಅಂತ ಜನ ಮೂಲೆಗೆ ಹಾಕುವುದು ಬಹಳ ಸಲ ಈ ಎರಡರ ತಪ್ಪಿಗೆ.

ನನ್ನ ಹತ್ತಿರ ಈಗ ಮೂರು ಜೋಡಿ ಇವೆ. ಮೊದಲನೆಯದು ಯಮಹಾ ಎಚ್‌ಪಿ-1. ಕುವೈತ್‌ನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ತಂದಿದ್ದು, ಆಮೇಲೆ ನನ್ನ ಪಾಲಿಗೆ ಬಂತು. ಎರಡನೆಯದು ಫಾಸ್ಟೆಕ್ಸ್ ಟಿ50ಆರ್‌ಪಿ ಮೂರನೇ ಆವೃತ್ತಿ. ಸ್ಟುಡಿಯೋದವರಿಗೆ ಅಂತ ಮಾಡಿದ್ದು, ಆದರೆ ಬಿಚ್ಚಿ ತಿದ್ದುವವರಿಗೆ ಇದರಷ್ಟು ಒಗ್ಗುವ ಹೆಡ್‌ಫೋನ್ ಇನ್ನೊಂದಿಲ್ಲ. ಮೂರನೆಯದು ಹೈಫೈಮ್ಯಾನ್ ಎಚ್‌ಇ400ಎಸ್‌ಇ, ಈ ಕಾಲದ್ದು, ಕಡಿಮೆ ಬೆಲೆಯದ್ದು.

ಯಮಹಾ ಎಚ್‌ಪಿ-1 ಬಂದಿದ್ದು 1976ರಲ್ಲಿ. ಹೊರರೂಪ ಮಾಡಿದವರು ಇಟಲಿಯ ಮಾರಿಯೊ ಬೆಲ್ಲಿನಿ. ಒಳಗಿನ ತಂತ್ರಕ್ಕೆ ಯಮಹಾ ‘ಆರ್ಥೊಡೈನಮಿಕ್’ ಅಂತ ಹೆಸರಿಟ್ಟಿತು. ಸಾಮಾನ್ಯ ಹೆಡ್‌ಫೋನಿನಲ್ಲಿ ತಂತಿಸುರುಳಿ ನಡುವೆ ಮಾತ್ರ ಅಂಟಿರುತ್ತದೆ, ಅದು ಪೊರೆಯನ್ನು ಅಲ್ಲಿಂದ ತಳ್ಳುತ್ತದೆ. ಪ್ಲೇನಾರಿನಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯ ಮೈತುಂಬ ಲೋಹದ ಗೆರೆ ಮೂಡಿಸಿರುತ್ತಾರೆ. ಎರಡೂ ಬದಿಗೆ ತೂತಿರುವ ಮ್ಯಾಗ್ನೆಟ್. ಕರೆಂಟ್ ಹರಿದರೆ ಇಡೀ ಹಾಳೆ ಒಟ್ಟಿಗೆ ಅಲುಗಾಡುತ್ತದೆ. ಆಗ ಕೈಗೆಟುಕುತ್ತಿದ್ದ ಫೆರೈಟ್ ಮ್ಯಾಗ್ನೆಟ್‌ಗಳಿಗೆ ಬಲ ಕಡಿಮೆ. ನಿಯೋಡೈಮಿಯಂ ಬಂದಮೇಲೆ ಇದೇ ವಿಚಾರಕ್ಕೆ ಮತ್ತೆ ಜೀವ ಬಂತು. 2010ರ ಆಸುಪಾಸಿನಲ್ಲಿ ಆಡಿಝಿ, ಹೈಫೈಮ್ಯಾನ್ ಕಂಪನಿಗಳು ಇದನ್ನು ಮತ್ತೆ ಮುನ್ನೆಲೆಗೆ ತಂದವು. ಯಮಹಾ ಕೂಡ 2022ರಲ್ಲಿ ವೈಎಚ್-5000ಎಸ್‌ಇ ಅಂತ ಅದೇ ಆರ್ಥೊಡೈನಮಿಕ್ ಹೆಸರಿನಲ್ಲೇ ವಾಪಸ್ ಬಂತು.

ಬಿಚ್ಚುವ ಮುಂಚೆ ಮಲ್ಟಿಮೀಟರ್ ತಗೊಳ್ಳಿ. ಪ್ಲೇನಾರಿನ ದೊಡ್ಡ ಅನುಕೂಲ ಇಲ್ಲಿದೆ. ಇದರ ಇಂಪಿಡೆನ್ಸ್ (ಸದ್ದಿನ ಕರೆಂಟಿಗೆ ಒಡ್ಡುವ ತಡೆ) ಹೆಚ್ಚೂಕಡಿಮೆ ಬರೀ ಮೀಟರ್ ಅಳೆಯುವ ರೆಸಿಸ್ಟನ್ಸ್. ಹಾಗಾಗಿ ಪ್ಲಗ್ಗಿಗೆ ಮೀಟರ್ ಹಿಡಿದರೆ ಕಂಪನಿ ಬರೆದ ಅಂಕಿಯ ಹತ್ತಿರವೇ ತೋರಿಸಬೇಕು. ಎಚ್‌ಪಿ-1ಕ್ಕೆ 150 ಓಮ್, ಟಿ50ಆರ್‌ಪಿಗೆ 50 ಓಮ್. ಎಡ ಬಲ ಎರಡೂ ಒಂದೇ ಇದ್ದರೆ ಡ್ರೈವರ್ ಬದುಕಿದೆ ಅಂತ ಧೈರ್ಯವಾಗಿ ಮುಂದುವರಿಯಬಹುದು. ಒಂದು ಕಡೆ ಏನೂ ತೋರಿಸದಿದ್ದರೆ ಮೊದಲು ವೈರು, ಆಮೇಲೆ ಬೆಸುಗೆ, ಕೊನೆಗೆ ಹಾಳೆಯ ಮೇಲಿನ ಗೆರೆ, ಈ ಕ್ರಮದಲ್ಲಿ ಹುಡುಕಿ. ವೈರು, ಬೆಸುಗೆ ಸರಿಮಾಡಬಹುದು. ಗೆರೆ ತುಂಡಾಗಿದ್ದರೆ ಕಷ್ಟ.

ಬಿಚ್ಚುವಾಗ ಫ್ಯಾನ್ ಬಂದ್ ಮಾಡಿ, ಕಿಟಕಿ ಹಾಕಿಕೊಳ್ಳಿ. ಬಳ್ಳಾರಿ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ, ಗೊತ್ತು. ಆದರೆ ನಮ್ಮೂರ ಧೂಳು ನಿಮಗೂ ಗೊತ್ತಲ್ವಾ. ಮ್ಯಾಗ್ನೆಟ್ ತೂತಿನೊಳಗೆ ಒಂದು ಕಣ ಇಳಿದು ಹಾಳೆಗೆ ತಾಗಿದರೂ ಬಾಸ್ ಬಂದಾಗಲೆಲ್ಲ ಕರಕರ ಅನ್ನುತ್ತದೆ. ಮೇಜಿನ ಮೇಲೆ ಕಬ್ಬಿಣದ ಪುಡಿ, ತಂತಿಯ ಚೂರು ಏನೂ ಇರಬಾರದು. ಸ್ಕ್ರೂಡ್ರೈವರ್ ಗಟ್ಟಿ ಹಿಡಿದುಕೊಳ್ಳಿ, ಮ್ಯಾಗ್ನೆಟ್ ಎಳೆದುಕೊಂಡುಬಿಡುತ್ತದೆ. ಇನ್ನೊಂದು ಮಾತು. ಪ್ಯಾಡ್ ಒತ್ತುವಾಗ, ಕೀಳುವಾಗ ಅವಸರ ಬೇಡ. ಒಳಗಿನ ಗಾಳಿ ಒಮ್ಮೆಲೇ ಒತ್ತಿದರೆ ಅಥವಾ ಎಳೆದರೆ ಹಾಳೆ ಸುಕ್ಕಾಗಬಹುದು.

ನನ್ನ ಯಮಹಾದೊಳಗೆ ಫೋಮ್ ಅಂತ ಇದ್ದದ್ದು ಬೆರಳು ಮುಟ್ಟಿದರೆ ಕಪ್ಪು ಹಿಟ್ಟು. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಹತ್ತಿ ಸುತ್ತಿದ ಕಡ್ಡಿ ಅದ್ದಿ, ಕಪ್ಪಿನ, ಅಂದರೆ ಕಿವಿ ಮುಚ್ಚುವ ಬಟ್ಟಲಿನ, ಒಳಗೋಡೆಯನ್ನಷ್ಟೇ ಒರೆಸಿದೆ. ಡ್ರೈವರಿಗೆ ಅದನ್ನು ತಾಗಿಸಲಿಲ್ಲ. ಡ್ರೈವರ್ ಬೆನ್ನಿಗೆ ಮೆತ್ತನೆ ಬ್ರಷ್, ಅಷ್ಟೇ.

ಈಗ ಅಸಲು ಕೆಲಸ. ಡ್ರೈವರ್ ಹಿಂದೆ ಏನು ತುಂಬಬೇಕು? ಹೆಡ್‌ಫೋನಿನ ಗುಣ ನಿರ್ಧಾರವಾಗುವುದು ಇಲ್ಲೇ ಅಂತ ನನ್ನ ಖಚಿತ ಅಭಿಪ್ರಾಯ. ಹಗುರ ಹಾಳೆ ಜೋರಾಗಿ ಅಲುಗಿದ ಮೇಲೆ ತಾನಾಗಿ ನಿಲ್ಲುವುದಿಲ್ಲ. ಉಯ್ಯಾಲೆ ತಳ್ಳಿ ಕೈಬಿಟ್ಟ ಹಾಗೆ, ಇನ್ನೂ ಸ್ವಲ್ಪ ಹೊತ್ತು ತೂಗುತ್ತಲೇ ಇರುತ್ತದೆ. ಹಿಂದೆ ಗಾಳಿ ಓಡಾಡಲು ತುಸು ತಡೆ ಇದ್ದರೆ ಬೇಗ ನಿಲ್ಲುತ್ತದೆ. ತಡೆ ಕಡಿಮೆಯಾದರೆ ಬಾಸ್ ಉಬ್ಬುತ್ತದೆ, ತಬಲಾ ಜೋಡಿಯ ಡಗ್ಗಾ ಹೊಡೆದರೆ ಕೊಡ ಬಡಿದ ಹಾಗೆ ಕೇಳುತ್ತದೆ. ತಡೆ ಜಾಸ್ತಿಯಾದರೆ ಬಾಸ್ ಇಳಿದು ದನಿ ಒಣಗುತ್ತದೆ.

ಅದಕ್ಕೆ ನಾನು ಬಳಸಿದ್ದು ಅರಳೆ. ಅಂಗಡಿಯಲ್ಲಿ ಸಿಗುವ ಕೃತಕ ಹತ್ತಿ ಬೇಡ, ಕೈಯಲ್ಲಿ ಹಿಡಿದರೆ ಸ್ಪ್ರಿಂಗಿನಂತೆ ಪುಟಿಯುತ್ತದೆ, ಸಮವಾಗಿ ಕೂರುವುದಿಲ್ಲ. ಹತ್ತಿ ಬೆಳೆಯುವ ಸೀಮೆಯಲ್ಲಿದ್ದು ಅದ್ಯಾಕೆ? ಗಾದಿ ಅಂಗಡಿಗೆ ಹೋಗಿ ಹೊಸದಾಗಿ ಹಿಂಜಿದ್ದು ಒಂದು ಹಿಡಿ ಕೇಳಿದೆ. ಅಂಗಡಿಯ ಚಾಚಾ ‘ಇಷ್ಟಕ್ಕೆಲ್ಲಾ ಏನ್ ರೊಕ್ಕ ತಗೊಳ್ಳಿ, ಒಯ್ಯಿ ಬೇಟಾ’ ಅಂದರು. ಹಾಗೇ ಕೊಡುವ ಮುಂಚೆ ಒಂದು ಎಳೆ ಬೆಳಕಿಗೆ ಹಿಡಿದು, ಬೀಜದ ಸಿಪ್ಪೆ ಉಳಿದಿದೆಯಾ ಅಂತ ನೋಡಿ, ಅದನ್ನು ಉಗುರಲ್ಲಿ ತೆಗೆದರು. ನನಗೂ ಅದೇ ಬೇಕಿತ್ತು. ಆ ಸಿಪ್ಪೆ ಡ್ರೈವರ್ ತೂತಿಗೆ ಬಿದ್ದರೆ ಕೆಲಸ ಕೆಟ್ಟ ಹಾಗೆಯೇ.

ಮೊದಲು ಡ್ರೈವರ್ ಬೆನ್ನಿಗೆ ತೆಳು ಫೆಲ್ಟಿನ ಬಿಲ್ಲೆ, ಅದರ ಹಿಂದೆ ಅರಳೆ. ಫೆಲ್ಟ್ ಇದ್ದರೆ ಎಳೆ ಒಳಗೆ ಹೋಗುವುದಿಲ್ಲ. ಅರಳೆಯನ್ನು ಉಂಡೆ ಕಟ್ಟಬಾರದು, ಪದರ ಪದರವಾಗಿ ಬಿಡಿಸಿ ಹಾಸಬೇಕು. ಬಂಗಾರ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಒಂದೊಂದು ಕಪ್ಪಿಗೆ 1 ಗ್ರಾಂನಿಂದ ಶುರುಮಾಡಿ, ಎರಡೂ ಕಡೆ ಅಷ್ಟೇ ತೂಕ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ಗಾಯಕಿಯ ದನಿ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಜಾರುತ್ತದೆ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಅರಳೆ, ಪ್ಯಾಡ್ ಎರಡೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಆಗುವುದಿಲ್ಲ.

ಕಿವಿಯೊಂದನ್ನೇ ನಂಬಿ ಇದನ್ನು ಮಾಡಲಾಗದು. ಪ್ಲೈವುಡ್ ತುಂಡಿಗೆ ತೂತು ಕೊರೆದು, ಅದರಲ್ಲಿ ಎಲೆಕ್ಟ್ರೆಟ್ ಮೈಕ್ ಕ್ಯಾಪ್ಸೂಲ್ ಮೇಲ್ಮೈಗೆ ಸಮವಾಗಿ ಕೂರಿಸಿ, ಸುತ್ತ ರಬ್ಬರ್ ಶೀಟ್ ಅಂಟಿಸಿದೆ. ಹೆಡ್‌ಫೋನಿನ ಒಂದು ಕಪ್ಪನ್ನು ಅದರ ಮೇಲಿಟ್ಟು ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸ್ವೀಪ್ ಓಡಿಸುತ್ತೇನೆ, ಅಂದರೆ ತಗ್ಗಿನಿಂದ ಮೇಲಕ್ಕೆ ಏರುವ ಸದ್ದು ನುಡಿಸಿ ಅಳೆಯುತ್ತೇನೆ. ಈ ಹಲಗೆ ಕಿವಿಯ ಹಾಗೆ ಕೇಳುವುದಿಲ್ಲ, ಹಾಗಾಗಿ ಗ್ರಾಫಿನ ಆಕಾರವೇ ಪರಮಸತ್ಯ ಅಲ್ಲ. ಆದರೆ ಮೊದಲು ಹೇಗಿತ್ತು, ಈಗ ಏನು ಬದಲಾಯಿತು ಅನ್ನುವುದನ್ನು ನಿಖರವಾಗಿ ಹೇಳುತ್ತದೆ. ಫೋಮಿಲ್ಲದ ಯಮಹಾದಲ್ಲಿ 100 ಹರ್ಟ್ಜ್ ಮೇಲೆ ಎದ್ದು ಕಾಣುವ ಉಬ್ಬು ಇತ್ತು. ಫೆಲ್ಟ್, ಅರಳೆ ಹಾಕಿದಂತೆ ಅದು ಕುಗ್ಗುತ್ತಾ ಬಂತು. ಉಬ್ಬು ಅಡಗಿದ ಮೇಲೂ ತುಂಬುತ್ತಾ ಹೋದರೆ ಕೆಳಗಿನ ಬಾಸ್ ಕರಗಲು ಶುರುವಾಗುತ್ತದೆ. ಅಲ್ಲಿ ನಿಲ್ಲಿಸಬೇಕು.

ಫಾಸ್ಟೆಕ್ಸ್‌ನಲ್ಲಿ ತುಂಬುವುದಕ್ಕಿಂತ ಮುಚ್ಚುವ ಕೆಲಸ ಮುಖ್ಯ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಹಚ್ಚುವ ಪೇಪರ್ ಟೇಪ್ ಸಿಗುತ್ತದಲ್ಲ, ಅದರಲ್ಲಿ ಗಾಳಿ ಸ್ವಲ್ಪ ಸ್ವಲ್ಪ ಆಡುತ್ತದೆ. ಅದನ್ನು ಡ್ರೈವರ್ ಬೆನ್ನಿನ ತೂತುಗಳ ಮೇಲೆ ಒಂದು ಪದರ ಹಚ್ಚಿದೆ. ಡ್ರೈವರ್ ಕೂತ ಪ್ಲಾಸ್ಟಿಕ್ ತಟ್ಟೆಗೆ, ಕಪ್ಪಿನ ಒಳಗೋಡೆಗೆ ಮಕ್ಕಳ ಕ್ಲೇ ತೆಳುವಾಗಿ ಮೆತ್ತಿದೆ, ಪ್ಲಾಸ್ಟಿಕ್ ತಾನೇ ಗುಂಯ್‌ಗುಡುವುದು ನಿಂತಿತು. ತಲೆಗೆ ಭಾರ ಹೆಚ್ಚುತ್ತದೆ, ಅದಕ್ಕೆ ಮಿತಿ ಇಟ್ಟುಕೊಳ್ಳಿ.

ಪ್ಯಾಡಿನ ವಿಷಯಕ್ಕೆ ಬಳ್ಳಾರಿಯಲ್ಲಿರುವುದು ನನಗೆ ನಿಜಕ್ಕೂ ವರವಾಯಿತು. ಎಚ್‌ಪಿ-1ರ ಹಳೆ ಪ್ಯಾಡ್ ಒಣಗಿ ಬಿರುಕು ಬಿಟ್ಟಿತ್ತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೇನು ಬರ. ಪರಿಚಯದ ಟೈಲರ್ ಒಬ್ಬರ ಮುಂದೆ ಹಳೆ ಪ್ಯಾಡ್ ಇಟ್ಟೆ.

‘ಇದೇನ್ ತಮ್ಮಾ, ಇಷ್ಟು ಸಣ್ಣ ದಿಂಬು?’

‘ಕಿವಿಗೆ ಅಣ್ಣಾ. ಎಲ್ಲೂ ಗಾಳಿ ಸೋರಬಾರದು.’

ಅವರು ಅದನ್ನು ತಿರುಗಿಸಿ, ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಚಪ್ಪಟೆ ಹಾಸಿ ನೋಡಿದರು. ‘ಮುಖದ ಮೇಲೆ ಹೊಲಿಗೆ ಬಂದ್ರೆ ಚುಚ್ಚುತ್ತೆ, ಸೂಜಿ ತೂತಿಂದ ಗಾಳೀನೂ ಹೋಗುತ್ತೆ. ಹೊರಗಿನ ಅಂಚಿಗೆ ತಗೋತೀನಿ. ಒಳಗಿಂದ ಒಂದ್ ಪಟ್ಟಿ ಅಂಟಿಸಿಕೋ’ ಅಂದರು. ಹೆಡ್‌ಫೋನ್ ಬಿಚ್ಚಿ ನೋಡದ ಮನುಷ್ಯ, ಒಂದೇ ನೋಟಕ್ಕೆ ಪ್ಯಾಡಿನ ಮರ್ಮ ಹಿಡಿದುಬಿಟ್ಟರು.

ಪ್ಯಾಡ್ ಪೂರ್ತಿ ರೆಕ್ಸಿನ್ ಆದರೆ ಗಾಳಿ ಸೋರುವುದಿಲ್ಲ, ಬಾಸ್ ತಳದವರೆಗೂ ಉಳಿಯುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ನಿಮಿಷಕ್ಕೆ ಕಿವಿ ಒದ್ದೆ. ಪೂರ್ತಿ ಬಟ್ಟೆಯಾದರೆ ಹಾಯಾಗಿರುತ್ತದೆ, ಬಾಸ್ ಮಾತ್ರ ಸೋರಿಹೋಗುತ್ತದೆ. ಹಾಗಾಗಿ ಒಳಗೋಡೆ, ಹೊರಗೋಡೆ ರೆಕ್ಸಿನ್, ಚರ್ಮಕ್ಕೆ ತಾಗುವ ಮುಖ ಮಾತ್ರ ತೆಳು ಡೆನಿಮ್. ಎಚ್‌ಇ400ಎಸ್‌ಇಯ ಕಂಪನಿ ಪ್ಯಾಡ್ ಕೂಡ ಇದೇ ಉಪಾಯದ್ದು, ಮುಖಕ್ಕೆ ಬಟ್ಟೆ, ಪಕ್ಕಕ್ಕೆ ಕೃತಕ ಚರ್ಮ. ಡೆನಿಮ್ ವಾಷಿಂಗ್ ಆದ ಬಟ್ಟೆಯ ತುಂಡೇ ಆಗಬೇಕು. ವಾಷ್ ಆಗದ ಬಟ್ಟೆ ಬೆವರಿಗೆ ನೀಲಿ ಬಿಡುತ್ತದೆ.

ಹೋಲಿಕೆ ಮಾಡುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಇದರಿಂದ ಯಾರೂ ತಪ್ಪಿಸಿಕೊಳ್ಳಲಾರರು. ಅದೇ ಪ್ಲೈವುಡ್ ಹಲಗೆಯ ಮೇಲೆ ಮೂರನ್ನೂ ಇಟ್ಟು, ಅರ್ಧ ಡೆಸಿಬೆಲ್ ಒಳಗೆ ಹೊಂದಿಸಿ, ವಾಲ್ಯೂಮ್ ಗುರುತು ಮಾಡಿಕೊಂಡೆ.

ಬಾಸ್ ಆಳದಲ್ಲಿ ಹೈಫೈಮ್ಯಾನ್ ಗೆದ್ದಿತು, ಅನುಮಾನವೇ ಇಲ್ಲ. ದೊಡ್ಡ ಹಾಳೆ, ಹಿಂದೆ ಪೂರ್ತಿ ತೆರೆದ ಕಪ್ಪು. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವಾಗ ದನಿ ಮೇಲಕ್ಕೆ ಏರುತ್ತದಲ್ಲ, ಆ ಏರಿಕೆ ಶುರುವಾಗುವ ಜಾಗ ಇದರಲ್ಲಿ ಸ್ಪಷ್ಟ. ಯಮಹಾದಲ್ಲಿ ಏರಿಕೆ ಕೇಳುತ್ತದೆ, ತಳ ತೆಳು. ತಂಬೂರಿಯ ಮೇಲಿನ ಝೇಂಕಾರವೂ ಹೈಫೈಮ್ಯಾನ್‌ನಲ್ಲಿ ಹೆಚ್ಚು ಬಿಡಿಸಿಕೊಂಡು ಬರುತ್ತದೆ.

ಆದರೆ ನಮ್ಮೂರಿನ ಸುಭದ್ರಮ್ಮ ಮನ್ಸೂರರ ರಂಗಗೀತೆ ಹಾಕಿದರೆ ನನ್ನ ಕೈ ಯಮಹಾದ ಕಡೆಗೇ ಹೋಗುತ್ತದೆ. ಕಂಪನಿ ನಾಟಕದ ಹಾಡಿಕೆಗೆ ತುಂಬುಗಂಠ, ಪಕ್ಕದಲ್ಲಿ ಹಾರ್ಮೋನಿಯಂ. ಹಳೆ ರೆಕಾರ್ಡಿಂಗಿನ ಮೇಲುಸ್ತರದ ಕಿರಿಕಿರಿಯನ್ನು ಹೊಸ ಹೆಡ್‌ಫೋನ್ ಮುಲಾಜಿಲ್ಲದೆ ಮುಂದಿಡುತ್ತದೆ. ಯಮಹಾದ ಟ್ರೆಬಲ್ (ಮೇಲುಸ್ತರದ ಸದ್ದು) ಸ್ವಲ್ಪ ಇಳಿಮುಖ. ಹಾಗಾಗಿ ಗಂಟಲು ಮುಂದೆ ಬರುತ್ತದೆ, ಸಾಲಿನ ಕೊನೆಯಲ್ಲಿ ಉಸಿರು ತಗೊಳ್ಳುವುದೂ ಕೇಳುತ್ತದೆ. ಸರಿಪಡಿಸುವ ಮುಂಚೆ ಇದೇ ಹೆಡ್‌ಫೋನಿನಲ್ಲಿ ಹಾರ್ಮೋನಿಯಂನ ಎಡಗೈ ಸ್ವರಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಈಗ ಒಂದೊಂದೂ ಬೇರೆ.

ಫಾಸ್ಟೆಕ್ಸ್ ಇವೆರಡರ ನಡುವಿನದು. ಬಾಸ್ ಬಿಗಿ, ಟ್ರೆಬಲ್ ಅಗತ್ಯಕ್ಕೆ ತಕ್ಕಷ್ಟು, ವಿಸ್ತಾರ ಕಡಿಮೆ. ಆದರೆ ಬೇಸಿಗೆಯಲ್ಲಿ ಜಾಸ್ತಿ ಬಳಕೆಯಾಗುವುದು ಇದೇ. ತಲೆಯ ಮೇಲೆ ಫ್ಯಾನ್ ಓಡಲೇಬೇಕು, ಓಡಿದರೆ ತೆರೆದ ಹೆಡ್‌ಫೋನಿನೊಳಗೆ ಅದರ ಸದ್ದು ನೇರ ಬರುತ್ತದೆ. ಇದು ಅರೆ ಮುಚ್ಚಿದ್ದು, ಅಷ್ಟಾಗಿ ಬಿಡುವುದಿಲ್ಲ.

ಆಂಪ್ (ಆಂಪ್ಲಿಫೈಯರ್) ಬಗ್ಗೆ ಲೆಕ್ಕ ಹೇಳಿಬಿಡುತ್ತೇನೆ. ಫಾಸ್ಟೆಕ್ಸ್‌ನ ಸೂಕ್ಷ್ಮತೆ, ಅಂದರೆ ಇಷ್ಟು ಪವರ್ ಕೊಟ್ಟರೆ ಎಷ್ಟು ಜೋರು ಅನ್ನುವ ಲೆಕ್ಕ, 1 ಮಿಲಿವ್ಯಾಟ್‌ಗೆ 92 ಡೆಸಿಬೆಲ್. ಫೋನಿಗೆ ಸಿಕ್ಕಿಸುವ ಡಾಂಗಲ್ 1 ವೋಲ್ಟ್ ಕೊಟ್ಟರೆ 50 ಓಮ್‌ಗೆ ಆಗುವುದು 20 ಮಿಲಿವ್ಯಾಟ್, ಅಂದರೆ ಹೆಚ್ಚೆಂದರೆ 105 ಡೆಸಿಬೆಲ್. ಈಗಿನ ಹಾಡುಗಳಿಗೆ ಸಾಕು. ಮೆಲ್ಲಗೆ ಮುದ್ರಿಸಿದ ಹಿಂದೂಸ್ತಾನಿ ಆಲಾಪಕ್ಕೆ ಸಾಲದು. 2 ವೋಲ್ಟ್ ಕೊಡುವ ಆಂಪ್ ಇದ್ದರೆ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ, ನೆಮ್ಮದಿ. ಹೈಫೈಮ್ಯಾನ್ ಕೂಡ 91 ಡೆಸಿಬೆಲ್, ಅದಕ್ಕೂ ಇದೇ ಮಾತು. ಯಮಹಾಕ್ಕೆ ಮಾತ್ರ ನಾನು ಹಳೆ ಸ್ಟೀರಿಯೊ ಆಂಪ್ಲಿಫೈಯರಿನ ಹೆಡ್‌ಫೋನ್ ಜಾಕ್ ಬಳಸುತ್ತೇನೆ. ಆ ಕಾಲದ ಜಾಕಿನಲ್ಲಿ ನೂರಾರು ಓಮ್ ರೆಸಿಸ್ಟರ್ ಸೇರಿರುತ್ತದೆ. ಸಾಮಾನ್ಯ ಹೆಡ್‌ಫೋನ್ ಹಾಕಿದರೆ ಅದರಿಂದ ಬಾಸ್ ಏರುಪೇರಾಗುತ್ತದೆ. ಪ್ಲೇನಾರಿನ ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಆದ್ದರಿಂದ ಸದ್ದು ತಗ್ಗುತ್ತದೆ, ಗುಣ ಕೆಡುವುದಿಲ್ಲ.

ಇಟ್ಟುಕೊಳ್ಳುವ ಬಗ್ಗೆ ಒಂದೆರಡು ಮಾತು. ಬಳಸದಾಗ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಬಟ್ಟೆ ಸುತ್ತಿದರೆ ನಮ್ಮ ಧೂಳಿಗೆ ಸಾಲದು. ಬಿಸಿಲು ಬೀಳುವ ಗೋಡೆಯ ಕಪಾಟು ಬೇಡ, ರೆಕ್ಸಿನ್ ಸಿಪ್ಪೆ ಏಳುವುದು ಆ ಕಾವಿಗೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಅರಳೆ ಒತ್ತಿ ನೋಡಿ. ತೇವ ಹಿಡಿದು ಗಂಟುಕಟ್ಟಿದ್ದರೆ ಅದೇ ತೂಕದ ಹೊಸ ಅರಳೆ ಹಾಕಿ, ಹಲಗೆಯ ಮೇಲಿಟ್ಟು ಹಳೆ ಗ್ರಾಫಿನ ಜೊತೆ ತಾಳೆ ನೋಡಿ.