ಆರ್‌ಎಕ್ಸ್ 100 ಕೈಕೊಡ್ತಿದ್ಯಾ? ಬೋರ್ ಮಾಡ್ಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ತಳ್ಕೊಂಡು ಗ್ಯಾರೇಜಿಗೆ ಹೋದ್ರೆ ಮೊದಲು ಬರೋ ಮಾತು ಸಾಮಾನ್ಯವಾಗಿ ಒಂದೇ, "ಬೋರ್ ಹೋಗಿದೆ ಸಾರ್, ಪಿಸ್ಟನ್ ಕಿಟ್ ಹಾಕ್ಬೇಕು". ಬೋರ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಭಾಗ, ಅದು ಸವೆದ್ರೆ ಕೊರೆದು ದೊಡ್ಡ ಪಿಸ್ಟನ್ ಹಾಕ್ತಾರೆ. ಕೆಲವು ಸಲ ಅದು ನಿಜಾನೂ ಇರುತ್ತೆ, 1985ರಿಂದ 1996ರ ತನಕ ಬಂದ ಗಾಡಿ, ತೀರಾ ಕೊನೇ ಬ್ಯಾಚಿಂದು ಅಂದ್ರೂ ಅದಕ್ಕೀಗ ಹತ್ತಿರ ಹತ್ತಿರ ಮೂವತ್ತು ವರ್ಷ. ಆದ್ರೆ ಎಷ್ಟೋ ಗಾಡೀಲಿ ಬೋರ್ ಸರಿಯಾಗೇ ಇರುತ್ತೆ, ಒಂದು ಆಯಿಲ್ ಸೀಲೋ, ಕಾರ್ಬುರೇಟರ್ ಹಿಡ್ಕೊಂಡಿರೋ ರಬ್ಬರ್ರೋ ಬಿರುಕು ಬಿಟ್ಟಿರುತ್ತೆ ಅಷ್ಟೆ.

ಯಾಕಂದ್ರೆ ಇದು ಟೂ ಸ್ಟ್ರೋಕ್ ಇಂಜಿನ್, ಇದ್ರಲ್ಲಿ ಪಿಸ್ಟನ್ ಕೆಳಗಿರೋ ಡಬ್ಬಿ, ಕ್ರ್ಯಾಂಕ್‌ಕೇಸ್ ಅನ್ನೋದೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ರೀಡ್ ವಾಲ್ವ್ (ಒಳಗೆ ಮಾತ್ರ ಬಿಡೋ ತೆಳು ಬಾಗಿಲು) ತೆರ್ಕೊಂಡು ಪೆಟ್ರೋಲ್ ಗಾಳಿ ಕೆಳಗಡೆ ಕ್ರ್ಯಾಂಕ್‌ಕೇಸಿಗೆ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಪೋರ್ಟ್ ಮೂಲಕ ಮೇಲಕ್ಕೆ ತಳ್ಳುತ್ತೆ. ವಾಷರ್ ಹರಿದ ಸೈಕಲ್ ಪಂಪಲ್ಲಿ ಎಷ್ಟು ಹೊಡೆದ್ರೂ ಗಾಳಿ ತುಂಬಲ್ವಲ್ಲ, ಇಲ್ಲೂ ಅದೇ ಕಥೆ, ಎಲ್ಲಾದ್ರೂ ಲೀಕ್ ಇದ್ರೆ ಕಾರ್ಬುರೇಟರ್ ಎಷ್ಟು ಸಲ ತೊಳೆದ್ರೂ ಪ್ರಯೋಜನ ಇಲ್ಲ.

ಮೊದಲು ಪೆಟ್ರೋಲ್ ನೋಡಿ. ಟ್ಯಾಂಕಿಂದ ಬರೋ ಪೈಪ್ ಕಿತ್ತು ಒಂದು ಬಾಟ್ಲಿಗೆ ಬಿಡಿ, ಧಾರೆಯಾಗಿ ಬರ್ಬೇಕು. ಬರ್ತಾ ಬರ್ತಾ ಸಣ್ಣ ಆಗಿ ನಿಂತೋದ್ರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿರ್ಬಹುದು, ಮುಚ್ಚಳ ತೆಗೆದು ಇನ್ನೊಂದ್ಸಲ ನೋಡಿ. ಆಮೇಲೆ ಕಾರ್ಬುರೇಟರ್ ಕೆಳಗಿರೋ ಬಟ್ಟಲು, ಅದೇ ಫ್ಲೋಟ್ ಬೌಲ್ ಬಿಚ್ಚಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ಗಾಡಿ ತಿಂಗಳುಗಟ್ಲೆ ನಿಂತ್ರೆ ತೇವ ಎಳ್ಕೊಳ್ಳುತ್ತೆ, ಬೌಲ್ ತಳದಲ್ಲಿ ನೀರಿನ ಹನಿ ಗುಂಡಗೆ ಓಡಾಡ್ತಾ ಇರುತ್ತೆ, ಕಣ್ಣಿಗೇ ಕಾಣುತ್ತೆ. ಐಡಲಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡೀರಿ, ತೂತು ಕಾಣ್ಬೇಕು. ಸೂಜಿ ಹಾಕಿ ಚುಚ್ಚೋಕೆ ಹೋಗ್ಬೇಡಿ ದಯವಿಟ್ಟು, ತೂತು ದೊಡ್ಡದಾದ್ರೆ ಆ ಜೆಟ್ ಮುಗೀತು, ಕಾರ್ಬ್ ಕ್ಲೀನರ್ ಹೊಡೆದು ಊದಿದ್ರೆ ಸಾಕು.

ಪೆಟ್ರೋಲ್ ಸರಿ ಇದೆ ಅಂದ್ರೆ ಪ್ಲಗ್. ಬಿಚ್ಚಿದ ತಕ್ಷಣ ಒರೆಸ್ಬೇಡಿ, ಬಣ್ಣ ನೋಡಿ. ಒದ್ದೆ ಕಪ್ಪಿದ್ರೆ ಪೆಟ್ರೋಲ್ ಬರ್ತಿದೆ ಆದ್ರೆ ಉರೀತಿಲ್ಲ, ಇಲ್ಲಾ ಆಯಿಲ್ ಜಾಸ್ತಿ. ಕಾಫಿ ಪುಡಿ ಬಣ್ಣ ಇದ್ರೆ ಒಳಗೆಲ್ಲ ಚೆನ್ನಾಗಿದೆ. ಬೆಳ್ಳಗೆ ಸುಣ್ಣ ಬಳಿದಂಗಿದ್ರೆ ಮಾತ್ರ ಗಾಡಿ ಓಡಿಸೋದನ್ನ ಅಲ್ಲೇ ನಿಲ್ಲಿಸಿ, ಪೆಟ್ರೋಲಿಗಿಂತ ಗಾಳಿ ಜಾಸ್ತಿ ಹೋಗ್ತಿದೆ, ಮುಂದಿನ ಹೆಜ್ಜೆ ಸೀಜ್, ಅಂದ್ರೆ ಪಿಸ್ಟನ್ ಬಿಸಿಗೆ ಬೋರಲ್ಲೇ ಹಿಡ್ಕೊಳ್ಳೋದು. ಆಮೇಲೆ ಪ್ಲಗ್ಗನ್ನ ಕ್ಯಾಪಿಗೆ ಹಾಕಿ, ಪ್ಲಗ್ ತೂತಿಂದ ದೂರ ಇಟ್ಟು ಹೆಡ್ಡಿಗೆ ತಾಗಿಸಿ ಕಿಕ್ ಹೊಡೀರಿ, ಕಿಡಿ ನೀಲಿ ಬಣ್ಣದಲ್ಲಿ ಚಟಚಟ ಅನ್ಬೇಕು. ಇಲ್ಲೊಂದು ವಿಷ್ಯ, ಕೆಲವು ಗಾಡಿ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ ಹತ್ತು ಕಿಲೋಮೀಟರ್ ಹೋದ್ಮೇಲೆ ಆಫ್ ಆಗುತ್ತೆ, ಅರ್ಧ ಗಂಟೆ ನಿಲ್ಲಿಸಿದ್ರೆ ಮತ್ತೆ ಏನೂ ಆಗಿಲ್ಲದಂಗೆ ಸ್ಟಾರ್ಟ್. ಮನೆಗೆ ತಂದು ಚೆಕ್ ಮಾಡಿದ್ರೆ ಸಿಗಲ್ಲ ಅದು, ಆಫ್ ಆದ ಜಾಗದಲ್ಲೇ ಪ್ಲಗ್ ಬಿಚ್ಚಿ ಕಿಡಿ ನೋಡ್ಬೇಕು. ಆಗ ಕಿಡಿ ಇಲ್ಲ ಅಂದ್ರೆ ಮ್ಯಾಗ್ನೆಟ್ ಕಾಯಿಲ್ ಇಲ್ಲಾ ಕಿಡಿ ಹೊಡೆಸೋ ಸಿಡಿಐ ಡಬ್ಬಿ ಬಿಸಿಗೆ ಕೈಕೊಡ್ತಿದೆ.

ಕಿಡಿ ಇದೆ, ಪೆಟ್ರೋಲ್ ಇದೆ, ಆದ್ರೂ ಹತ್ತೋದಿಲ್ಲ ಅಂದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರಲ್ಲಿ ಪಿಸ್ಟನ್ ಕಟ್ಟೋ ಒತ್ತಡ. ಗೇಜ್ ಹಾಕಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡ್ಕೊಂಡು ಮುಳ್ಳು ನಿಲ್ಲೋ ತನಕ ಕಿಕ್ ಹೊಡೀರಿ. 100 ಪಿಎಸ್ಐಗಿಂತ ಚೆನ್ನಾಗಿ ಮೇಲಿದ್ರೆ ಬೋರ್ ತಂಟೆಗೆ ಹೋಗ್ಬೇಡಿ. ಕಮ್ಮಿ ಇದ್ರೆ ಪ್ಲಗ್ ತೂತಲ್ಲಿ ನಾಲ್ಕು ಹನಿ ಆಯಿಲ್ ಬಿಟ್ಟು ಮತ್ತೆ ನೋಡಿ, ಈಗ ಏರಿದ್ರೆ ರಿಂಗ್ ಅಥವಾ ಬೋರ್ ಸವೆದಿದೆ, ಏರ್ಲಿಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ ಕಡೆ ಕಣ್ಣು ಹಾಕಿ.

ಈಗ ಲೀಕ್ ವಿಚಾರ, ಇದನ್ನೇ ಯಾರೂ ಸರಿಯಾಗಿ ನೋಡಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಸ್ಪೀಡ್ ಇಳಿಯದೆ ರೊಂಯ್ ಅಂತ ಮೇಲೇ ನಿಂತ್ರೆ, ಅಥವಾ ಐಡಲ್ ದಿನಕ್ಕೊಂದು ಥರ ಇದ್ರೆ ಎಲ್ಲಿಂದಲೋ ಕಳ್ಳಗಾಳಿ ಹೋಗ್ತಿದೆ ಅಂತ್ಲೇ ಅರ್ಥ. ಕಾರ್ಬುರೇಟರ್ ಮತ್ತು ರೀಡ್ ಮಧ್ಯೆ ಇರೋ ರಬ್ಬರನ್ನ ಬಗ್ಗಿಸಿ ನೋಡಿ, ಬಿರುಕು ಹೊರಗಿಂದ ಕಾಣಲ್ಲ, ಬಗ್ಗಿಸಿದ್ರೆ ಬಾಯಿ ಬಿಡುತ್ತೆ. ಐಡಲಲ್ಲಿ ಬಿಟ್ಟು ಆ ಜಾಯಿಂಟಿಗೆ, ಸಿಲಿಂಡರ್ ಬುಡಕ್ಕೆ ಸ್ವಲ್ಪ ಸೋಪ್ ನೀರು ಹಾಕಿ ನೋಡಿ, ಇಂಜಿನ್ ಸದ್ದು ಬದಲಾದ್ರೆ ಅಲ್ಲೇ ಲೀಕ್. ಅಲ್ಲೆಲ್ಲೂ ಇಲ್ಲ ಅಂದ್ರೆ ಎಡಗಡೆ ಮ್ಯಾಗ್ನೆಟ್ ಹಿಂದಿರೋ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ ಪಡಿ. ಬಲಗಡೆ ಕ್ಲಚ್ ಕಡೆ ಸೀಲ್ ಹೋದ್ರೆ ಲಕ್ಷಣ ಬೇರೆ, ಗೇರ್ ಆಯಿಲ್ಲನ್ನೇ ಇಂಜಿನ್ ಎಳ್ಕೊಂಡು ಸುಡುತ್ತೆ, ಬಿಸಿಯಾದ್ಮೇಲೂ ಹೊಗೆ ನಿಲ್ಲಲ್ಲ, ಪ್ಲಗ್ ಪದೇ ಪದೇ ಒದ್ದೆ. ಜನ ಇದನ್ನ ನೋಡಿ ಟೂಟಿ ಆಯಿಲ್ (ಪೆಟ್ರೋಲ್ ಜೊತೆ ಉರಿಯೋ ಟೂ ಸ್ಟ್ರೋಕ್ ಆಯಿಲ್) ಕಮ್ಮಿ ಮಾಡಿಸಿ ಇದ್ದಬದ್ದ ಇಂಜಿನ್ನೂ ಹಾಳು ಮಾಡ್ತಾರೆ. ಗೇರ್ ಆಯಿಲ್ ಇಳಿಸಿ ಅಳೀರಿ, ಹಾಕಿದ್ದಕ್ಕಿಂತ ತುಂಬ ಕಮ್ಮಿ ಬಂತು, ಹೊರಗೆಲ್ಲೂ ಸೋರಿಲ್ಲ ಅಂದ್ರೆ ಉತ್ತರ ಸಿಕ್ತು. ಎಡಗಡೆದು ಮ್ಯಾಗ್ನೆಟ್ ಪುಲ್ಲರ್ ಇದ್ರೆ ನೀವೇ ಬದಲಾಯಿಸ್ಬಹುದು, ಬಲಗಡೆದನ್ನ ಕೈ ಪಳಗಿದೋರಿಗೆ ಬಿಡಿ.

ಗಾಡಿ ಹೋಗುತ್ತೆ ಆದ್ರೆ ಎಳೀತಿಲ್ಲ ಅಂದ್ರೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸೋ ಕೊಳವೆ, ಅದೇ ಬಫಲ್ ಎಳೆದು ನೋಡಿ, ಕಾರ್ಬನ್ ಕಟ್ಟಿ ತೂತೇ ಮುಚ್ಚಿರುತ್ತೆ. ಸುಟ್ಟು ಕೆರೆದು ವಾಪಸ್ ಹಾಕಿ, ಬರೀ ಸೌಂಡಿಗೋಸ್ಕರ ಬಫಲ್ ಕಿತ್ತಾಕೋರ ಬಗ್ಗೆ ನಾನೇನೂ ಹೇಳಲ್ಲ, ಅಕ್ಕಪಕ್ಕದ ಮನೆಯೋರೇ ಹೇಳ್ತಾರೆ.

ಇಷ್ಟೆಲ್ಲ ನೋಡಿ ಕೊನೆಗೂ ಬೋರೇ ಹೋಗಿದೆ ಅಂತಾದ್ರೆ, ಯಾಕೆ ಹೋಯ್ತು ಅಂತ ಕಂಡುಹಿಡೀದೆ ಹೊಸ ಪಿಸ್ಟನ್ ಹಾಕಿಸ್ಬೇಡಿ. ಇಂಜಿನಿಗೆ ತಾನಾಗೇ ಟೂಟಿ ಆಯಿಲ್ ಕಳಿಸೋ ಆಟೋಲೂಬ್ ಪಂಪಿನ ಪೈಪಲ್ಲಿ ಗಾಳಿ ಗುಳ್ಳೆ ಇದ್ಯಾ, ಪಂಪಿನ ಕೇಬಲ್ ಆಕ್ಸಿಲರೇಟರ್ ಜೊತೆ ಎಳೀತಿದ್ಯಾ ನೋಡಿ, ಅನುಮಾನ ಇದ್ರೆ ಪಂಪ್ ಸರಿಯಿದೆ ಅಂತ ಗ್ಯಾರಂಟಿ ಆಗೋ ತನಕ ಲೀಟರ್ ಪೆಟ್ರೋಲಿಗೆ 30 ಎಂಎಲ್ ಟೂಟಿ ಟ್ಯಾಂಕಿಗೇ ಬೆರೆಸಿ, ಹೊಗೆ ಬಂದ್ರೆ ಬರ್ಲಿ. ಪಿಸ್ಟನ್ ಮೊದಲು ತಗೊಳ್ಳಿ, ಬೆಂಗಳೂರಾದ್ರೆ ಜೆಸಿ ರೋಡಲ್ಲಿ ನಾಲ್ಕಂಗಡಿ ಸುತ್ತಿ ನೋಡಿ, ಡೂಪ್ಲಿಕೇಟ್ ಬಹಳ. ಆ ಪಿಸ್ಟನ್ ಕೈಯಲ್ಲಿ ಹಿಡ್ಕೊಂಡೇ ಲೇತಿಗೆ ಹೋಗಿ, ಅದನ್ನ ಅಳೆದು ಅದಕ್ಕೆ ತಕ್ಕಂಗೆ ಬೋರ್ ಕೊರೀಬೇಕು. ಒರಿಜಿನಲ್ ಬೋರ್ 50 ಎಂಎಂ, ಮೊದಲ್ನೇ ಸಲ ಅಂದ್ರೆ 0.25 ಎಂಎಂ ಓವರ್‌ಸೈಜಲ್ಲಿ ಮುಗಿಯುತ್ತಾ ಕೇಳಿ, ಸುಮ್ಸುಮ್ನೆ 0.50ಗೆ ಹಾರಿದ್ರೆ ಒಂದು ಬೋರ್ ದಂಡ.

ಜೋಡಿಸುವಾಗ ರಿಂಗಿನ ಎರಡು ತುದೀನೂ ಪಿಸ್ಟನ್ನಿನ ರಿಂಗ್ ಕೂರೋ ಗ್ರೂವಲ್ಲಿರೋ ಪುಟ್ಟ ಪಿನ್ನಿನ ಆಚೆ ಈಚೆ ಕೂರ್ಬೇಕು, ಇಲ್ಲಾಂದ್ರೆ ಬೋರ್ ಇಳಿಸುವಾಗ್ಲೇ ರಿಂಗ್ ಮುರಿಯುತ್ತೆ. ಪಿಸ್ಟನ್ ಪಿನ್ ಹಿಡ್ಕೊಳ್ಳೋ ಲಾಕ್ ಹಾಕೋವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ, ಹಳೇ ಲಾಕ್ ಬಳಸ್ಬೇಡಿ. ಹೆಡ್ ನಟ್ ಅಡ್ಡಡ್ಡ ಸ್ವಲ್ಪ ಸ್ವಲ್ಪನೇ ಬಿಗಿ ಮಾಡಿ, ಒಂದೆರಡು ಸಲ ಬಿಸಿ ಮಾಡಿ ಪೂರ್ತಿ ತಣ್ಣಗಾದ್ಮೇಲೆ ಇನ್ನೊಂದ್ಸಲ ಬಿಗಿ ನೋಡಿ. ಮೊದಲ 500 ಕಿಲೋಮೀಟರ್ ಅರ್ಧಕ್ಕಿಂತ ಜಾಸ್ತಿ ಆಕ್ಸಿಲರೇಟರ್ ಕೊಡ್ಬೇಡಿ, ಗಾಡಿ ಕೇಳೋರಿಗೆ ಕೊಡೋದಂತೂ ಬೇಡವೇ ಬೇಡ.